ಮೇಸ್ತ್ರಿ ಕಟ್ಟಿಹಾಕಿದ ಗಾಳಿ

ಮೇಸ್ತ್ರಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಯೂ ಸುಣ್ಣ ಮೆತ್ತಿದ ಹಾಗೆ ಬೆಳ್ಳಗಿದ್ದವು. ಅದು ಸುಣ್ಣವಲ್ಲ, ಸತ್ತ ಚರ್ಮ; ಅವರು ಫ್ರಿಜ್ಜು ರಿಪೇರಿಯ ಮೇಸ್ತ್ರಿ. ಫ್ರಿಜ್ಜಿನ ಗ್ಯಾಸು ಸಿಲಿಂಡರಿನೊಳಗೆ ನೀರಾಗಿರುತ್ತದೆ. ಆ ನೀರು ಬೆರಳಿಗೆ ತಾಗಿದರೆ ಎಷ್ಟು ತಣ್ಣಗಿರುತ್ತದೆಂದರೆ ಚರ್ಮವನ್ನೇ ಕೊಂದುಬಿಡುತ್ತದೆ. ಹಾಗೆ ಎಷ್ಟು ಸಲ ತಾಗಿತ್ತೋ ಏನೋ, ಆ ಎರಡು ಬೆರಳಿಗೆ ಬಿಸಿಯೂ ತಿಳಿಯುತ್ತಿರಲಿಲ್ಲ, ತಂಪೂ ತಿಳಿಯುತ್ತಿರಲಿಲ್ಲ. ಧರ್ಮಪುರಿ ಬಸ್ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯಲ್ಲಿ ಒಲೆಯಿಂದ ಕೆಂಡವನ್ನು ಬೆರಳಲ್ಲೇ ಎತ್ತಿ ಬೀಡಿ ಹಚ್ಚಿಕೊಳ್ಳುತ್ತಿದ್ದರು. ಹೊಸಬರು ಯಾರಾದರೂ ನೋಡಿ ಹೌಹಾರಿದರೆ ಮೇಸ್ತ್ರಿಗೆ ಅದಕ್ಕಿಂತ ದೊಡ್ಡ ಖುಷಿ ಬೇರೆ ಇರಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ತಮಿಳುನಾಡಿನ ಧರ್ಮಪುರಿಯ ಒಂದು ದನದ ಆಸ್ಪತ್ರೆಗೆ ಕಾಂಪೌಂಡರಾಗಿ ಬಂದೆ. ಅಲ್ಲಿ ಕುರಿ, ಕೋಳಿಗಳ ಲಸಿಕೆ ಇಡಲು ಒಂದು ಹಳೆಯ ಫ್ರಿಜ್ಜಿತ್ತು. ಬೇಸಿಗೆ ಬಂತೆಂದರೆ ಅದಕ್ಕೆ ಏನಾದರೊಂದು ರೋಗ. ಮೊದಲ ಸಲ ರಿಪೇರಿಗೆ ಬಂದ ಮೇಸ್ತ್ರಿ ಫ್ರಿಜ್ಜಿನ ಹಿಂದೆ ಅಂಗಾತ ಮಲಗಿಕೊಂಡು ನನ್ನೊಂದಿಗೆ ತಮಿಳಿನಲ್ಲೇ ಮಾತಾಡುತ್ತಿದ್ದರು. ಕೈಯಿಂದ ಸ್ಪ್ಯಾನರ್ ಜಾರಿ ದೂರ ಹೋದಾಗ ಮಾತ್ರ ಬಾಯಿತಪ್ಪಿ ಕನ್ನಡ ಬಂತು: “ಅದ್ನ ಇಂಗೆ ಕೊಡ್ಲಾ.” ನಾನೂ ಕನ್ನಡದಲ್ಲೇ “ತಗಾಣ್ಣ” ಎಂದೆ. ಅವರು ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ನನ್ನ ಮುಖ ನೋಡಿದರು. ಯಾವೂರು, ಯಾರ ಮನೆ ಎಂದು ವಿಚಾರಿಸಿದರೆ ಇಬ್ಬರದೂ ಕಂಬೈನಲ್ಲೂರಿನ ಕಡೆಯ ಕುರಿ ಸಾಕುವ ಮನೆಗಳೇ. ಅಲ್ಲಿಂದ ಮುಂದೆ ಹತ್ತು ವರ್ಷ, ನಾನು ಆ ಮನುಷ್ಯನೊಂದಿಗೆ ಜಗಳವಾಡದ ವಾರವಿಲ್ಲ, ಅವರ ಮನೆಯಲ್ಲಿ ಮುದ್ದೆ ಉಣ್ಣದ ವಾರವೂ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹಿರಿಯರನ್ನೂ ‘ನೀನು’ ಎಂದೇ ಮಾತಾಡಿಸುವುದು. ಅಣ್ಣಾ ಎಂದರೆ ಮರ್ಯಾದೆ ಅದರಲ್ಲೇ ಬಂತು. ಈಗ ಬರೆಯಲು ಕುಳಿತಾಗ ‘ಅವನು’ ಎನ್ನಲು ಕೈ ಬಾರದೆ ‘ಅವರು’ ಎನ್ನುತ್ತಿದ್ದೇನೆ. ಇದನ್ನು ಕೇಳಿಸಿಕೊಂಡಿದ್ದರೆ ಮೇಸ್ತ್ರಿ ನಕ್ಕುಬಿಡುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದು ‘ಡಾಕ್ಟ್ರೇ’ ಎಂದು. ಕಾಂಪೌಂಡರನ್ನು ಡಾಕ್ಟ್ರೇ ಎನ್ನುವುದರಲ್ಲಿ ಎಷ್ಟು ಕುಹಕವಿದೆ ಎಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಮೇಸ್ತ್ರಿಗೆ ಮೂಗು ಇತ್ತು, ವಾಸನೆ ತಿಳಿಯುತ್ತಿರಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಎಂಥೆಂಥವರೋ ಮೂಗು ಮುಚ್ಚಿಕೊಳ್ಳುವಾಗ ಇವರು ಆರಾಮಾಗಿ ಬೆಲ್ಲದ ಮಿಠಾಯಿ ತಿನ್ನುತ್ತಿದ್ದರು. ಕಾರಣವನ್ನು ಅವರು ಹೇಳಿದ್ದು ಒಂದೇ ಸಲ. ಮೊದಲು ಅವರಿದ್ದದ್ದು ಸೇಲಂನ ಒಂದು ಐಸ್ ಫ್ಯಾಕ್ಟರಿಯಲ್ಲಿ. ಅಲ್ಲಿ ಐಸು ಮಾಡುವುದು ಅಮೋನಿಯಾದಿಂದ. ಒಂದು ದಿನ ಪೈಪು ಸೀಳಿತು. ಇವರು ಒದ್ದೆ ಗೋಣಿಚೀಲ ಮುಖಕ್ಕೆ ಸುತ್ತಿಕೊಂಡು ಹೊರಗೆ ಓಡಿದರು. ಜೊತೆಯಲ್ಲಿದ್ದವನು ವಾಲ್ವ್ ಮುಚ್ಚಿ ಬರುತ್ತೇನೆಂದು ಒಳಗೇ ತಿರುಗಿದ. ವಾಲ್ವ್ ಮುಚ್ಚಿದ, ಮೂರನೆಯ ದಿನ ಸತ್ತ. ಮೇಸ್ತ್ರಿಗೆ ಮೂಗು ಹೋಯಿತು, ಎದೆಯೊಳಗೆ ಒಂದು ಕೆಮ್ಮು ಉಳಿಯಿತು. ಆಮೇಲೆ ಅವರು ಆ ಫ್ಯಾಕ್ಟರಿಯ ಬಾಗಿಲು ತುಳಿಯಲಿಲ್ಲ. ಸೇಲಂನಲ್ಲೇ ಒಬ್ಬರ ಹತ್ತಿರ ಫ್ರಿಜ್ ಕೆಲಸ ಕಲಿತು ಧರ್ಮಪುರಿಗೆ ಬಂದು ತಗಡಿನ ಅಂಗಡಿ ಹಾಕಿಕೊಂಡರು.

ಫ್ರಿಜ್ಜಿನ ಗ್ಯಾಸಿನ ಮೇಲೆ ಅವರಿಗಿದ್ದ ಪ್ರೀತಿ ಹುಟ್ಟಿದ್ದು ಹೀಗೆ. ಅದು ನಾರುವುದಿಲ್ಲ, ಉರಿಯುವುದಿಲ್ಲ, ಕಣ್ಣು ಸುಡುವುದಿಲ್ಲ. ಅದನ್ನು ಅವರು ಗ್ಯಾಸು ಎನ್ನುತ್ತಲೇ ಇರಲಿಲ್ಲ. ‘ಗಾಳಿ’ ಎನ್ನುತ್ತಿದ್ದರು. ರಿಪೇರಿಗೆ ಹೋದ ಮನೆಯಲ್ಲೆಲ್ಲ ಸಿಲಿಂಡರಿನ ಬಾಯಿಯನ್ನು ಒಂದಿಷ್ಟು ಸಡಿಲಿಸಿ ತಮ್ಮ ಮುಖಕ್ಕೇ ಊದಿಕೊಂಡು ತೋರಿಸುವರು. ಬೀಡಿಯನ್ನು ಎದುರಿಗೆ ಹಿಡಿದರೆ ಅದು ಚುಯ್ ಎಂದು ಆರುವುದು. ಮಕ್ಕಳ ಅಂಗೈಗೆ ಒಂದೊಂದು ಸಲ ತಣ್ಣನೆಯ ಗಾಳಿ ಬಿಡುವರು. ಬೇಸಿಗೆಯಲ್ಲಿ ಮೇಸ್ತ್ರಿ ಬೀದಿಗೆ ಬಂದರೆಂದರೆ ಹಿಂದೆ ಮಕ್ಕಳ ಹಿಂಡು, ಎಲ್ಲರ ಕೈಯೂ ಮುಂದಕ್ಕೆ. “ಪಾಪ, ಇದು ಯಾರ್ಗೂ ಏನೂ ಮಾಡಲ್ಲ,” ಎಂದು ಪ್ರತಿ ಮನೆಯಲ್ಲೂ ಹೇಳುತ್ತಿದ್ದರು, ಸಾಧುವಾದ ಹಸುವಿನ ಬಗ್ಗೆ ಹೇಳುವಂತೆ. ಹಳೆಯ ಫ್ರಿಜ್ಜಿನ ಕೊಳವೆ ಕೊಯ್ಯುವಾಗ ಒಳಗಿದ್ದ ಗ್ಯಾಸನ್ನು ಎಲ್ಲ ಮೆಕ್ಯಾನಿಕ್ಕುಗಳ ಹಾಗೆ ಇವರೂ ಹೊರಗೇ ಬಿಡುತ್ತಿದ್ದರು. ಬಿಡದೆ ಏನು ಮಾಡುವುದು? ಅದು ಗಾಳಿ, ಗಾಳಿಗೆ ಹೋಯಿತು.

ಆ ಸುದ್ದಿಯನ್ನು ಅವರ ಕಿವಿಗೆ ಹಾಕಿದವನು ನಾನೇ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಮ್ಮ ಆಸ್ಪತ್ರೆಯ ಡಾಕ್ಟರು ಮದರಾಸಿನ ಕಡೆಯವರು, ಇಂಗ್ಲಿಷ್ ಪೇಪರು ತರಿಸುವರು. ಒಂದು ಮಧ್ಯಾಹ್ನ ಅದರಲ್ಲಿದ್ದ ಒಂದು ಸಣ್ಣ ಸುದ್ದಿಯನ್ನು ಅವರು ತಮಿಳಿನಲ್ಲಿ ನನಗೆ ವಿವರಿಸಿದರು. ಆಕಾಶದಲ್ಲಿ ತುಂಬ ಮೇಲೆ ಓಝೋನ್ ಎಂಬುದರ ಒಂದು ಪದರವಿದೆಯಂತೆ. ಸೂರ್ಯನ ಕೆಟ್ಟ ಕಿರಣಗಳನ್ನು ಅದು ತಡೆಯುತ್ತದಂತೆ. ಫ್ರಿಜ್ಜಿನ ಗ್ಯಾಸು, ಸೆಂಟು ಹೊಡೆಯುವ ಡಬ್ಬಿಯ ಗ್ಯಾಸು ನಿಧಾನವಾಗಿ ಅಲ್ಲಿಗೆ ಏರಿ ಆ ಪದರವನ್ನು ತಿಂದುಹಾಕುತ್ತದೆ ಎಂದು ಅಮೆರಿಕದ ವಿಜ್ಞಾನಿಗಳು ಹೇಳುತ್ತಿದ್ದಾರಂತೆ. ನನಗೆ ಆಕಾಶದ ಚಿಂತೆ ಹುಟ್ಟಲಿಲ್ಲ. ಮೇಸ್ತ್ರಿಯ ಕಾಲೆಳೆಯಲು ಒಳ್ಳೆಯ ಸರಕು ಸಿಕ್ಕಿತಲ್ಲ ಎಂದು ಹಿಗ್ಗಿದೆ.

ಆ ಸಂಜೆಯೇ ಅವರ ಅಂಗಡಿಗೆ ಹೋದೆ. ಮೇಸ್ತ್ರಿ ಸ್ಟೂಲಿನ ಮೇಲೆ ಕುಳಿತು ಶೇವಿಂಗ್ ಬ್ರಶ್ಶಿನಿಂದ ಒಂದು ಪೈಪಿನ ಬೆಸುಗೆಗೆ ಸೋಪಿನ ನೊರೆ ಬಳಿಯುತ್ತಿದ್ದರು. ಗುಳ್ಳೆ ಎದ್ದರೆ ಅಲ್ಲಿ ಲೀಕು. ಬೆಳಿಗ್ಗೆ ಗಡ್ಡಕ್ಕೂ ಅದೇ ಬ್ರಶ್ಶು. “ನಿನ್ನ ಸಾಧು ಗಾಳಿ ಮೇಲೆ ಓಗಿ ಆಕಾಶಾನೇ ಮೇಯ್ತೈತಂತೆ ಕಣಣ್ಣಾ,” ಎಂದೆ. ಬೈಯುತ್ತಾರೆ, ನಗುತ್ತಾರೆ, ಟೀ ತರಿಸುತ್ತಾರೆ ಎಂದುಕೊಂಡಿದ್ದೆ. ಅವರು ಬ್ರಶ್ಶು ಕೆಳಗಿಟ್ಟರು. ಎಷ್ಟು ಮೇಲೆ, ಯಾವಾಗ ಇಳಿದು ಬರುತ್ತದೆ, ಮಳೆಗೆ ತೊಳೆದುಹೋಗುವುದಿಲ್ಲವೇ ಎಂದು ಒಂದರ ಹಿಂದೊಂದು ಕೇಳಿದರು. ನನಗೇನು ಗೊತ್ತು? ಕಾಲೆಳೆಯಲು ಎಷ್ಟು ಬೇಕೋ ಅಷ್ಟೇ ಕೇಳಿಸಿಕೊಂಡು ಬಂದಿದ್ದೆ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಚಪ್ಪಲಿ ಹೊರಗೆ ಬಿಟ್ಟು ಡಾಕ್ಟರ ಮೇಜಿನ ಮುಂದೆ ನಿಂತಿದ್ದರು. ಡಾಕ್ಟರು ಒಳ್ಳೆಯವರು, ಹಳೆಯ ಪೇಪರು ಹುಡುಕಿಸಿ ಇನ್ನೊಂದು ಸಲ ಓದಿ ಹೇಳಿದರು. ಇದಿನ್ನೂ ವಿಜ್ಞಾನಿಗಳಲ್ಲೇ ವಾದದಲ್ಲಿದೆ, ಧರ್ಮಪುರಿಯ ಫ್ರಿಜ್ಜುಗಳನ್ನೆಲ್ಲ ಬೆರಳಲ್ಲಿ ಎಣಿಸಬಹುದು, ನಿಮ್ಮಿಂದ ಏನೂ ಆಗುವುದಿಲ್ಲ ಹೋಗಿ ಎಂದರು. ಮೇಸ್ತ್ರಿ ಹೋಗಲಿಲ್ಲ. ಅದು ಕೆಳಗೆ ಇರುವಾಗಲೇ ಕರಗಿಹೋಗುವುದಿಲ್ಲವೇ ಎಂದು ಕೇಳಿದರು. ಅದೇ ತೊಂದರೆ ಎಂದರು ಡಾಕ್ಟರು. ಕೆಳಗೆ ಅದು ಯಾವುದರ ಜೊತೆಗೂ ಸೇರುವುದಿಲ್ಲ, ಯಾವುದಕ್ಕೂ ಏನೂ ಮಾಡುವುದಿಲ್ಲ. ಹಾಗಾಗಿಯೇ ಹಾಳಾಗದೆ ಅಷ್ಟು ಮೇಲಿನವರೆಗೂ ಹೋಗಿಬಿಡುತ್ತದೆ.

ಹೊರಗೆ ಬೇವಿನ ಮರದ ಕೆಳಗೆ ಬಂದು ಮೇಸ್ತ್ರಿ ಬೀಡಿ ಹಚ್ಚದೆ ಕುಳಿತರು. ನಾನು ಏನೋ ಸಮಾಧಾನ ಹೇಳಲು ಹೋದೆ. “ಅಮೋನಿಯಾ ಆದ್ರೆ ಮೂಗಿಗೆ ಒಡ್ದು ಏಳ್ತೈತೆ, ಓಡೋಗು ಅಂತೈತೆ. ಇದು ಏನೂ ಏಳ್ಲಿಲ್ಲ ನೋಡು. ಏನೂ ಮಾಡಲ್ಲ, ಏನೂ ಮಾಡಲ್ಲ ಅಂತ ಊರೆಲ್ಲಾ ಸಾರ್ಕೊಂಡು ತಿರುಗ್ದೋನು ನಾನು,” ಎಂದರು. ಇವರ ಕೈಯಿಂದ ಹೋದದ್ದೆಷ್ಟು, ಪ್ರಪಂಚದಲ್ಲಿ ಹೋಗುವುದೆಷ್ಟು! ಆದರೆ ಆ ಲೆಕ್ಕ ಅವರ ತಲೆಗೆ ಹೋಗಲೇ ಇಲ್ಲ. ತಮ್ಮ ಕೈಯಿಂದ ಇನ್ನು ಒಂದು ಉಸಿರಿನಷ್ಟೂ ಹೊರಗೆ ಹೋಗಬಾರದು ಎಂದು ತೀರ್ಮಾನ ಮಾಡಿಬಿಟ್ಟರು.

ಮೊದಲು ನಿಂತದ್ದು ಮಕ್ಕಳ ಕೈಗೆ ಊದುವುದು. ಮಕ್ಕಳು ಕೆಲವು ದಿನ ಹಿಂದೆ ಹಿಂದೆ ಸುತ್ತಿ, ಮೇಸ್ತ್ರಿಗೆ ಕೊಬ್ಬು ಬಂದಿದೆ ಎಂದು ಬೈದುಕೊಂಡು ಬಿಟ್ಟುಬಿಟ್ಟವು. ಆಮೇಲೆ ಮೇಸ್ತ್ರಿ ಒಂದು ಉಪಾಯ ಕಂಡುಕೊಂಡರು. ಫ್ರಿಜ್ಜು ತಂಪು ಮಾಡುವುದಿಲ್ಲ, ಒಳಗಿನ ಬಿಸಿಯನ್ನು ಕುರಿ ಹೊಡೆದ ಹಾಗೆ ಹೊರಗೆ ಹೊಡೆಯುತ್ತದೆ ಎಂದು ಅವರು ಯಾವಾಗಲೂ ಹೇಳುವರು. ಈಗ ಗ್ಯಾಸನ್ನೇ ಹೊಡೆದು ದೊಡ್ಡಿಗೆ ಕೂಡಬೇಕಿತ್ತು. ಗುಜರಿಯಿಂದ ಒಂದು ಹಳೆಯ ಸಿಲಿಂಡರು ತಂದು ತೊಳೆದು ಒಣಗಿಸಿದರು. ಕೊಳವೆ ಕೊಯ್ಯುವ ಮೊದಲು ಆ ಸಿಲಿಂಡರನ್ನು ಪುಡಿ ಐಸು, ಕಲ್ಲುಪ್ಪು ತುಂಬಿದ ತೊಟ್ಟಿಯಲ್ಲಿ ಮುಳುಗಿಸಿಡುವುದು, ಫ್ರಿಜ್ಜಿನಿಂದ ಅದಕ್ಕೆ ಒಂದು ಟ್ಯೂಬು ಸೇರಿಸುವುದು, ಕಾಯುತ್ತ ಕೂರುವುದು. ತಂಪಿದ್ದ ಕಡೆಗೆ ಗ್ಯಾಸು ತಾನಾಗಿ ಹೋಗಿ ಅಲ್ಲಿ ನೀರಾಗಿ ನಿಲ್ಲುತ್ತದೆ. ಎಲ್ಲವೂ ಬರುವುದಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಬರುತ್ತದೆ ಎನ್ನುತ್ತಿದ್ದರು. ಆ ಐಸನ್ನು ಮಾಡುತ್ತಿದ್ದದ್ದು ಅಮೋನಿಯಾದಿಂದ ಎನ್ನುವುದು ಅವರಿಗೂ ಗೊತ್ತಿತ್ತು. ಐಸು ತರಲು ಮಾತ್ರ ಬೇರೆ ಯಾರನ್ನಾದರೂ ಕಳುಹಿಸುತ್ತಿದ್ದರು.

ಒಂದು ಗಂಟೆಯ ಕೆಲಸ ಅರ್ಧ ದಿನಕ್ಕೆ ಬಂತು. ಸೋಡಾ ಅಂಗಡಿಯವರು, ಔಷಧಿ ಅಂಗಡಿಯವರು ಗೊಣಗಿದರು. ಕೆಲವರು ಬೇರೆ ಮೆಕ್ಯಾನಿಕ್ಕನ್ನು ಹಿಡಿದರು. ಮೇಸ್ತ್ರಿಯ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಂದು ದಿನ ಮುದ್ದೆ ಬಡಿಸುತ್ತ ಅಕ್ಕ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. “ಆಕಾಶಕ್ಕೆ ಬೇಲಿ ಕಟ್ತಾವ್ನೆ ನಿಮ್ಮಣ್ಣ. ಎಲ್ಲಾ ನೀನು ಏಳಿಕೊಟ್ಟಿದ್ದು.” ನಾನು ತಲೆ ತಗ್ಗಿಸಿ ಉಂಡೆ. ಮೇಸ್ತ್ರಿ ಏನೂ ಕೇಳಿಸದವರ ಹಾಗೆ ಸಾರು ಹಾಕಿಸಿಕೊಂಡರು. ಹಾಗೆ ಕೂಡಿಟ್ಟ ಗ್ಯಾಸಿನಲ್ಲಿ ಎಣ್ಣೆ, ಪಸೆ ಸೇರಿರುತ್ತದೆ, ಅದನ್ನು ಇನ್ನೊಬ್ಬರ ಫ್ರಿಜ್ಜಿಗೆ ತುಂಬುವುದು ಮೋಸ ಎಂದು ಅದನ್ನೂ ಮಾಡುತ್ತಿರಲಿಲ್ಲ. ಮತ್ತೆ ಇಟ್ಟುಕೊಂಡು ಏನು ಮಾಡುತ್ತೀಯ ಎಂದು ನಾನು ಕೇಳಿದ್ದಕ್ಕೆ, ಕಟ್ಟಿಹಾಕಿರುತ್ತೇನೆ ಎಂದರು, ಅಷ್ಟೇ.

ತಗಡಿನ ಅಂಗಡಿ ಬೇಸಿಗೆಯಲ್ಲಿ ಕಾದು ಕೆಂಡವಾಗುತ್ತಿತ್ತು. ತುಂಬಿದ ಸಿಲಿಂಡರು ಅಲ್ಲಿರುವುದು ಅಪಾಯ. ನಮ್ಮ ಆಸ್ಪತ್ರೆಯ ಸ್ಟೋರ್ ರೂಮು ದಪ್ಪ ಕಲ್ಲಿನ ಗೋಡೆಯದು, ತಣ್ಣಗಿರುತ್ತಿತ್ತು. ಡಾಕ್ಟರನ್ನು ಒಪ್ಪಿಸಿ ಮೇಸ್ತ್ರಿ ಸಿಲಿಂಡರನ್ನು ಅಲ್ಲಿ ಮೂಲೆಯಲ್ಲಿಟ್ಟರು. ಯಾರೂ ಮುಟ್ಟದಿರಲಿ ಎಂದು ಅದರ ಹೊಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಪದ ಬರೆದರು.

ಆ ಪದದಿಂದಲೇ ಎಲ್ಲ ಕೆಟ್ಟಿತು. ನಮ್ಮ ಕಡೆಯ ಕನ್ನಡದವರು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿಯುವುದು ತಮಿಳು. ಮೇಸ್ತ್ರಿ ಮೂರನೆಯ ಕ್ಲಾಸಿನವರೆಗೆ ತಮಿಳು ಅಕ್ಷರ ಕಲಿತಿದ್ದರು. ಕನ್ನಡ ಅಕ್ಷರ ಅವರೂ ಕಂಡವರಲ್ಲ, ನಾನೂ ಕಂಡವನಲ್ಲ. ಹಾಗಾಗಿ ಮನಸ್ಸಿನ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆಯುವರು. ಸಿಲಿಂಡರಿನ ಮೇಲೆ ಅವರು ಬರೆಯಹೊರಟದ್ದು ‘ಗಾಳಿ’ ಎಂದು, ಅಂದರೆ ಒಳಗೆ ಗ್ಯಾಸಿದೆ, ಜೋಕೆ ಎಂದು. ಆದರೆ ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ‘ಳ’ ಬರೆಯುವ ಕಡೆ ಮೇಸ್ತ್ರಿ ‘ಲ’ ಬರೆದಿದ್ದರು, ಮೂರನೆಯ ಕ್ಲಾಸಿನ ಓದಿಗೆ ಅದು ದೊಡ್ಡ ತಪ್ಪೇನಲ್ಲ. ಒಟ್ಟಿನಲ್ಲಿ ಓದುವವರ ಕಣ್ಣಿಗೆ ಅಲ್ಲಿದ್ದದ್ದು ‘ಕಾಲಿ’. ತಮಿಳಿನಲ್ಲೂ ಕಾಲಿ ಎಂದರೆ ಬರಿದು, ನಮ್ಮ ಮನೆಮಾತಿನಲ್ಲೂ ಕಾಲಿ ಎಂದರೆ ಬರಿದು. ತುಂಬಿದ ಸಿಲಿಂಡರಿನ ಹೊಟ್ಟೆಯ ಮೇಲೆ ಇದರಲ್ಲಿ ಏನೂ ಇಲ್ಲ ಎಂದು ಬರೆದಿಟ್ಟ ಹಾಗಾಯಿತು.

ಎರಡು ವರ್ಷ ಅದು ಯಾರ ಕಣ್ಣಿಗೂ ಬೀಳದೆ ಮೂಲೆಯಲ್ಲಿತ್ತು. ಮೂರನೆಯ ಬೇಸಿಗೆಯಲ್ಲಿ ಮೇಲಿನವರು ತಪಾಸಣೆಗೆ ಬರುತ್ತಾರೆಂದು ಡಾಕ್ಟರು ಸ್ಟೋರ್ ರೂಮು ಚೊಕ್ಕ ಮಾಡಲು ಹೇಳಿದರು. ಅದೇ ದಿನ ಮೇಸ್ತ್ರಿಗೆ ಹೊಸ ಗ್ಯಾಸು ತರುವ ಸೇಲಂನ ಲಾರಿ ಬಂತು. ಮೇಸ್ತ್ರಿ ಓಮಲೂರಿಗೆ ಕೆಲಸಕ್ಕೆ ಹೋಗಿದ್ದರು. ಅಂಗಡಿ ಮುಚ್ಚಿದ್ದು ಕಂಡು ಲಾರಿಯವನು ಆಸ್ಪತ್ರೆಗೇ ಬಂದು ಕಾಲಿ ಸಿಲಿಂಡರ್ ಏನಾದರೂ ಇದೆಯೇ ಎಂದು ಕೇಳಿದ. ನಾನು ಮೂಲೆ ನೋಡಿದೆ. ಅಲ್ಲಿ ದೊಡ್ಡದಾಗಿ ‘ಕಾಲಿ’ ಎಂದು ಬರೆದಿದೆ. ಒಳಗೆ ಮೇಸ್ತ್ರಿ ಕೂಡಿಟ್ಟದ್ದಿದೆ ಎಂಬುದು ಆ ಗಡಿಬಿಡಿಯಲ್ಲಿ ನೆನಪಿಗೇ ಬರದೆ ಉರುಳಿಸಿಕೊಂಡು ಹೊರಗೆ ತಂದೆ. ಲಾರಿಯವನು ಎತ್ತಿ ನೋಡಿ, ಒಳಗೆ ಇನ್ನೂ ಏನೋ ಉಳಿದಿದೆ, ಅದನ್ನು ಹೊರಗೆ ಬಿಟ್ಟು ಕೊಡಿ, ಇಲ್ಲದಿದ್ದರೆ ನಮ್ಮ ಮುದಲಾಳಿ ತೆಗೆದುಕೊಳ್ಳುವುದಿಲ್ಲ ಎಂದ. ಮುದಲಾಳಿ ಎಂದರೆ ಅವನ ಯಜಮಾನ. ನಾನು ಸ್ಪ್ಯಾನರ್ ತಂದು ವಾಲ್ವ್ ತಿರುಗಿಸಿದೆ.

ಬುಸ್ ಎಂದು ಬಂತು. ಅಡಿಯಲ್ಲಿ ಉಳಿದದ್ದಾದರೆ ಕ್ಷಣದಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ವಾಲ್ವಿನ ಸುತ್ತ ಬಿಳಿ ಮಂಜು ಕಟ್ಟಿತು, ಸಿಲಿಂಡರಿನ ಹೊಟ್ಟೆಯವರೆಗೂ ಇಳಿಯಿತು. ಲಾರಿಯವನು ಎದುರಿನ ಅಂಗಡಿಗೆ ಹೋಗಿ ಟೀ ಕುಡಿದು ಬಂದರೂ ಸದ್ದು ನಿಂತಿರಲಿಲ್ಲ. ನನ್ನ ಕಾಲಿನ ಹತ್ತಿರ ನೆಲವೆಲ್ಲ ತಣ್ಣಗಾಗಿತ್ತು, ಆ ಬಿಸಿಲಿನಲ್ಲಿ ಅದು ಹಿತವಾಗಿಯೂ ಇತ್ತು. ಇದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ, ಈಗ ಹೇಳಿಬಿಡುತ್ತೇನೆ. ಅರ್ಧಕ್ಕೇ ನನಗೆ ಗೊತ್ತಾಯಿತು. ಐಸು, ಉಪ್ಪು, ಕಾಯುತ್ತ ಕೂತ ಮೇಸ್ತ್ರಿ, ಎಲ್ಲ ಕಣ್ಣ ಮುಂದೆ ಬಂತು. ಸ್ಪ್ಯಾನರ್ ಕೈಯಲ್ಲೇ ಇತ್ತು, ಒಂದು ತಿರುವು ಸಾಕಿತ್ತು. ಆದರೆ ಡಾಕ್ಟರು ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಲಾರಿಯವನು ‘ಸೀಕ್ರಂ ಸಾರ್, ಸೀಕ್ರಂ’ ಎಂದು ಅವಸರ ಮಾಡುತ್ತಿದ್ದ. ಮುಚ್ಚಿದರೆ, ತಪ್ಪಾಯಿತು, ಇದು ಕಾಲಿಯಲ್ಲ ಎಂದು ಇಬ್ಬರೆದುರೂ ಒಪ್ಪಿಕೊಳ್ಳಬೇಕಿತ್ತು. ಇಷ್ಟು ಹೋದ ಮೇಲೆ ಇನ್ನಷ್ಟು ಹೋದರೇನು ಎಂದುಕೊಂಡು ಸುಮ್ಮನೆ ನಿಂತೆ. ಪೂರ್ತಿ ಹೋಗುವವರೆಗೂ ನಿಂತೆ. ಕಡೆಗೆ ಲಾರಿಯವನು ಸಿಲಿಂಡರನ್ನು ಹೊರಳಿಸಿ ನೋಡಿ, ಇದು ನಮ್ಮದೇ ಅಲ್ಲ, ಯಾವುದೋ ಗುಜರಿ ಎಂದು ಅಲ್ಲೇ ಬಿಟ್ಟು ಹೊರಟುಹೋದ.

ಸಂಜೆಗೆ ಮುಂಚೆ ಮೇಸ್ತ್ರಿ ಓಮಲೂರಿನಿಂದ ಬಂದರು. ಹೆಗಲ ಚೀಲ ಇಳಿಸಿ, ಹೊರಗೆ ಬಿದ್ದಿದ್ದ ಸಿಲಿಂಡರನ್ನು ಒಂದು ಕೈಯಲ್ಲಿ ಎತ್ತಿದರು. ಹಗುರವಾಗಿ ಬಂತು. ಯಾರು ಬಿಟ್ಟದ್ದು ಎಂದು ಕೇಳಿದರು. ನಾನೇ ಎಂದೆ. ತಪ್ಪು ಮಾಡಿದವನ ಧ್ವನಿ ಮೊದಲು ಏರುತ್ತದಲ್ಲ, ನನ್ನದೂ ಏರಿತು. ಕಾಲಿ ಅಂತ ನೀನೇ ಬರೆದಿದ್ದೀಯಲ್ಲ, ನಾನೇನು ಮಾಡಲಿ ಎಂದೆ. ಅವರು ಬಗ್ಗಿ ತಮ್ಮ ಅಕ್ಷರವನ್ನು ತಾವೇ ಓದಿದರು. “ಗಾಳಿ ಅಂತ ಅಲ್ವಾ ಬರ್ದಿದ್ದು ನಾನು,” ಎಂದರು. ಇನ್ನೊಂದು ಸಲ ಓದಿದರು. ಆಗ ಅವರಿಗೆ ಅರ್ಥವಾಯಿತು. ಮುಖ ಸಪ್ಪಗಾಯಿತು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ನೆಲ ನೋಡುತ್ತಿದ್ದರು. ಮಂಜು ಕರಗಿದ ನೀರು ಸಿಲಿಂಡರು ನಿಂತಿದ್ದ ಜಾಗದ ಸುತ್ತ ಮಣ್ಣನ್ನು ಅಗಲಕ್ಕೆ ಕೆಸರು ಮಾಡಿ ಒಣಗಿತ್ತು. ಎಷ್ಟು ಹೊತ್ತು ಬಿಟ್ಟರೆ ಅಷ್ಟು ಮಂಜು ಕಟ್ಟುತ್ತದೆ ಎಂದು ಅವರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

“ಅರ್ಧದಾಗೇ ಗೊತ್ತಾಗಿರ್ತೈತಲ್ಲಾ ಡಾಕ್ಟ್ರೇ ನಿಂಗೆ,” ಎಂದರು.

“ಇಲ್ಲಣ್ಣ,” ಎಂದೆ.

ಅವರು ನನ್ನ ಮುಖವನ್ನು ಒಂದು ಸಲ ನೋಡಿ, ಸಿಲಿಂಡರನ್ನು ಹೆಗಲಿಗೇರಿಸಿಕೊಂಡು ಹೊರಟರು. ಮರುದಿನ ಬೆಳಿಗ್ಗೆ ಅವರ ಅಂಗಡಿಯ ಮುಂದೆ ಹಾದು ಹೋದರೆ ತೊಟ್ಟಿಗೆ ಐಸು ಸುರಿಯುತ್ತಿದ್ದರು. ಅದೇ ಸಿಲಿಂಡರು, ಅದೇ ಕೆಲಸ, ಮೊದಲಿನಿಂದ. ಬಾ ಡಾಕ್ಟ್ರೇ, ಟೀ ಕುಡಿ ಎಂದರು. ನಾನು ಹೋಗಿ ಕುಡಿದೆ. ನಾಲಿಗೆ ತುದಿಗೆ ಬಂದ ಮಾತು ಟೀಯ ಜೊತೆ ಕೆಳಗಿಳಿಯಿತು.

ನಾನು ಆಗ ಮಾಡಿದ್ದು ಒಂದೇ ಒಳ್ಳೆಯ ಕೆಲಸ. ಬೆಂಗಳೂರಿಗೆ ಹೋಗಿದ್ದಾಗ ಒಂದನೆಯ ಕ್ಲಾಸಿನ ಕನ್ನಡ ಪುಸ್ತಕ ಕೊಂಡು ತಂದೆ. ಮೂವತ್ತು ಹತ್ತಿರವಾಗುತ್ತಿದ್ದ ಗಂಡಸು ‘ಅ’ ಅಕ್ಷರದಿಂದ ತಿದ್ದಲು ಕೂತೆ. ಬಸ್ ಸ್ಟ್ಯಾಂಡಿಗೆ ಹೋಗಿ ಕರ್ನಾಟಕದ ಬಸ್ಸುಗಳ ಬೋರ್ಡು ಕೂಡಿಸಿ ಕೂಡಿಸಿ ಓದುವೆ. ಕಂಡಕ್ಟರುಗಳು, ಎಲ್ಲಿಗೆ ಹೋಗಬೇಕು, ಹತ್ತಿ ಎನ್ನುವರು. ಎಲ್ಲಿಗೂ ಇಲ್ಲ ಎಂದು ನಾನು ಹಿಂದೆ ಸರಿಯುವೆ. ಕ ಬೇರೆ, ಗ ಬೇರೆ, ಲ ಬೇರೆ, ಳ ಬೇರೆ ಎಂದು ಕಣ್ಣಲ್ಲಿ ಕಂಡ ದಿನ ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಹುಟ್ಟಿದ ಲಾಗಾಯ್ತು ಆಡಿದ ಮಾತಿಗೆ ಮುಖವಿರುವುದು ಆಗ ತಿಳಿಯಿತು.

ಆರು ತಿಂಗಳ ಮೇಲೆ ಪೇಂಟು ತೆಗೆದುಕೊಂಡು ಮೇಸ್ತ್ರಿಯ ಅಂಗಡಿಗೆ ಹೋಗಿ, ಹಳೆಯ ಪದವನ್ನು ಅಳಿಸಿ, ಕನ್ನಡ ಅಕ್ಷರದಲ್ಲಿ ‘ಗಾಳಿ’ ಎಂದು ಬರೆದೆ. ಇದರಲ್ಲಿ ಗ ಯಾವುದು ಎಂದು ಅವರು ಕೇಳಿದರು. ತೋರಿಸಿದೆ. ಒಣಗಿದ ಮೇಲೆ ಬಲಗೈ ಬೆರಳನ್ನು ಅದರ ಮೇಲೆ ಆಡಿಸಿದರು. ಆ ಬೆರಳಿಗೆ ಏನೂ ತಿಳಿಯುವುದಿಲ್ಲವಲ್ಲ, ಎಡಗೈ ಬೆರಳಿನಿಂದ ಇನ್ನೊಂದು ಸಲ ತಿದ್ದಿದರು. ತಮಾಷೆಯೆಂದರೆ ಧರ್ಮಪುರಿಯಲ್ಲಿ ಅದನ್ನು ಓದುವವರೇ ಇರಲಿಲ್ಲ. ಸಿಲಿಂಡರು ಮತ್ತೆ ನಮ್ಮ ಸ್ಟೋರ್ ರೂಮಿಗೆ ಬಂದಾಗ ಲಾರಿಯವನು ತೆಲುಗು ಎಂದುಕೊಂಡ. ಆಸ್ಪತ್ರೆಯ ಕಾವಲುಗಾರ ಮಂತ್ರವೆಂದುಕೊಂಡು ಕುಂಕುಮ ಇಟ್ಟ. ಏನೆಂದು ತಿಳಿಯದ ಕಾರಣ ಒಬ್ಬರೂ ಅದನ್ನು ಮುಟ್ಟಲಿಲ್ಲ. ಮೇಸ್ತ್ರಿ ಬದುಕಿರುವವರೆಗೂ ಅದರಿಂದ ಒಂದು ಉಸಿರೂ ಹೊರಗೆ ಹೋಗಲಿಲ್ಲ.

ಅವರು ಬಹಳ ವರ್ಷ ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುವಾಗ ಆ ಹಳೆಯ ಕೆಮ್ಮು ಅವರನ್ನು ಮಲಗಿಸಿತು. ಸೇಲಂನ ಆಸ್ಪತ್ರೆಗೆ ಸೇರಿಸಿದ್ದೆವು. ಕಡೆಯ ಸಲ ನೋಡಲು ಹೋದಾಗ ಅಕ್ಕ ಬಿಸಿನೀರು ತರಲು ಹೊರಗೆ ಹೋಗಿದ್ದಳು. ಮಂಚದ ಪಕ್ಕ ಕುಳಿತು, ಆ ದಿನ ನನಗೆ ಗೊತ್ತಿತ್ತು ಅಣ್ಣಾ, ಅರ್ಧದಲ್ಲೇ ಗೊತ್ತಾಗಿತ್ತು, ಆದರೂ ಮುಚ್ಚಲಿಲ್ಲ ಎಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಮೇಸ್ತ್ರಿ ಉಸಿರು ಕೂಡಿಸಿಕೊಂಡು ಮಾತಾಡಿದರು.

“ಗೊತ್ತೈತೆ ಬಿಡ್ಲಾ. ಇಲ್ದಿದ್ರೆ ಈ ವಯಸ್ನಾಗೆ ಕುಂತ್ಕೊಂಡು ಅಕ್ಷರ ಕಲೀತಿದ್ಯಾ ನೀನು?” ಕೆಮ್ಮು ತಡೆದುಕೊಂಡು, “ಓಗಿ ಆ ವಾಲ್ವ್ ಬಿಗಿಯಾಗೈತಾ ನೋಡು. ಸೋಪ್ ಆಕಿ ನೋಡು,” ಎಂದರು.

ನಾನು ಆ ಸಂಜೆಯ ಬಸ್ಸಿಗೇ ಧರ್ಮಪುರಿಗೆ ಬಂದು ನೊರೆ ಬಳಿದು ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಹೇಳೋಣವೆಂದು ಮರುದಿನ ಸೇಲಂಗೆ ಹೋದರೆ ಅವರು ಇರಲಿಲ್ಲ.

ಆಕಾಶದ ಆ ಪದರಕ್ಕೆ ದಕ್ಷಿಣ ಧ್ರುವದ ಮೇಲೆ ತೂತು ಬಿದ್ದದ್ದು ಜಗತ್ತಿಗೆ ತಿಳಿದದ್ದು ಅವರು ಹೋದ ಐದಾರು ವರ್ಷಗಳ ಮೇಲೆ. ಆಮೇಲೆ ದೇಶಗಳೆಲ್ಲ ಒಂದು ಕಡೆ ಕುಳಿತು ಆ ಗ್ಯಾಸನ್ನು ನಿಲ್ಲಿಸಲು ಒಪ್ಪಿಕೊಂಡವು, ಹಂತಹಂತವಾಗಿ ನಿಲ್ಲಿಸಿಯೂ ಬಿಟ್ಟವು. ಈಗ ಗಾಯ ನಿಧಾನವಾಗಿ ಮಾಯುತ್ತಿದೆ, ಇನ್ನು ಕೆಲವು ದಶಕಗಳಲ್ಲಿ ಮೊದಲಿನಂತಾಗಬಹುದು ಎಂದು ಓದಿದ್ದೇನೆ. ಅಂಥ ಸುದ್ದಿ ಎಲ್ಲಿ ಬಂದರೂ ಕನ್ನಡದಲ್ಲೇ ಹುಡುಕಿ ಓದುತ್ತೇನೆ. ಅಕ್ಕ ನನಗೆ ಒಪ್ಪಿಸಿದ ಸಿಲಿಂಡರು ನಾನು ನಿವೃತ್ತನಾಗುವವರೆಗೂ ನನ್ನ ಹತ್ತಿರ ಇತ್ತು. ಹಳೆಯ ಗ್ಯಾಸನ್ನು ಹೊರಗೆ ಬಿಡದೆ ಇಳಿಸಿಕೊಳ್ಳುವವರು ಬೆಂಗಳೂರಿನಲ್ಲಿ ಇದ್ದಾರೆಂದು ತಿಳಿದಾಗ ಒಂದು ಟೆಂಪೋ ಮಾಡಿಕೊಂಡು ಹೋಗಿ ಒಪ್ಪಿಸಿ ಬಂದೆ.

ಅದೇ ಓದಿನಲ್ಲಿ ಇನ್ನೊಂದು ವಿಷಯವೂ ತಿಳಿಯಿತು. ಫ್ರಿಜ್ಜಿನ ಆ ಗ್ಯಾಸಿಗೆ ಹೆಚ್ಚುಕಡಿಮೆ ನೂರು ವರ್ಷದ ಆಯುಷ್ಯವಂತೆ. ಮೇಸ್ತ್ರಿ ಹೋಗಿ ನಲವತ್ತು ವರ್ಷದ ಮೇಲಾಯಿತು, ಅಕ್ಕನೂ ಹೋದಳು, ನಾನೂ ಇನ್ನೆಷ್ಟು ದಿನವೋ. ಆ ಮಧ್ಯಾಹ್ನ ನಾನು ಸ್ಪ್ಯಾನರ್ ಹಿಡಿದು ನಿಂತು ಹೊರಗೆ ಬಿಟ್ಟ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಮೇಲೆಯೇ ಇದೆ.